ನಲವತ್ತೆರಡಕ್ಕೆ ಖಾಕಿ: ಮುಂಬೈಯಲ್ಲಿ ಹೋಮ್ ಗಾರ್ಡ್ ಆದ ನನ್ನ ಅನುಭವ

ನಲವತ್ತು ದಾಟಿದ ಮೇಲೆ ಪೊಲೀಸ್ ಆಗಬಹುದಾ ಅಂತ ನನ್ನನ್ನು ಕೇಳುವ ಹೆಣ್ಣುಮಕ್ಕಳು ಈಗ ಬಹಳ. ಅವರಿಗೆ ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿ ಪೊಲೀಸ್ ಶಿಪಾಯಿ, ಅಂದರೆ ಕಾನ್‌ಸ್ಟೇಬಲ್, ಭರ್ತಿಗೆ ವಯಸ್ಸು 18ರಿಂದ 28, ಮೀಸಲಾತಿ ಇದ್ದವರಿಗೆ 33. ಸೈನ್ಯದಿಂದ ನಿವೃತ್ತರಾಗಿ ಬಂದವರಿಗೆ ಮಾತ್ರ ಅಲ್ಲಿ ಎಷ್ಟು ವರ್ಷ ಸೇವೆ ಮಾಡಿದ್ದರೋ ಅಷ್ಟು, ಮೇಲೆ 3 ವರ್ಷ ಸಡಿಲಿಕೆ ಉಂಟು. ಅಂಥವರು ಮೂವತ್ತೇಳು ಮೂವತ್ತೆಂಟರಲ್ಲೂ ಶಿಪಾಯಿ ಆಗುತ್ತಾರೆ. ನನ್ನಂಥ ಬ್ಲೌಸ್ ಹೊಲಿಯುವವಳಿಗೆ ಆ ಬಾಗಿಲು ಮುಚ್ಚಿ ಎಷ್ಟೋ ವರ್ಷ ಆಗಿತ್ತು. ತೆರೆದಿದ್ದ ಬಾಗಿಲು ಒಂದೇ, ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ ದಳ, ಹೋಮ್ ಗಾರ್ಡ್. ವಯಸ್ಸು 20ರಿಂದ 50, ಓದು ಹತ್ತನೇ ತರಗತಿ ಪಾಸ್, ಎತ್ತರ ಹೆಂಗಸರಿಗೆ 150 ಸೆಂಟಿಮೀಟರ್, ಗಂಡಸರಿಗೆ 162.

ಇದು ನನಗೆ ಗೊತ್ತಾದದ್ದು ಪೊಲೀಸ್ ಠಾಣೆಯ ಬೆಂಚಿನ ಮೇಲೆ. ಮಗಳ ಪಾಸ್‌ಪೋರ್ಟ್ ಕೆಲಸಕ್ಕೆ ಭಾಂಡುಪ್‌ನಲ್ಲಿ ಠಾಣೆಗೆ ಹೋಗಿ ಕೂತಿದ್ದೆ. ಬಾಗಿಲ ಹತ್ತಿರ ಖಾಕಿ ಹಾಕಿಕೊಂಡು ಒಬ್ಬಾಕೆ ನಿಂತಿದ್ದರು, ನನಗಿಂತ ನಾಲ್ಕಾರು ವರ್ಷ ದೊಡ್ಡವರೇ ಇರಬೇಕು. ಬಂದವರನ್ನೆಲ್ಲ ಯಾವ ಮೇಜಿಗೆ ಹೋಗಬೇಕು ಅಂತ ಕಳಿಸುತ್ತಿದ್ದರು. ಅಳುತ್ತಾ ಬಂದ ಒಬ್ಬ ಹುಡುಗಿಯನ್ನು ಯಾರೂ ಮಾತಾಡಿಸುವ ಮುಂಚೆಯೇ ಪಕ್ಕದಲ್ಲಿ ಕೂರಿಸಿ ನೀರು ಕೊಟ್ಟರು. "ವಹಿನಿ, ನೀವು ಯಾವಾಗ ಪೊಲೀಸ್ ಸೇರಿದಿರಿ?" ಅಂದೆ. "ಪೊಲೀಸ್ ಅಲ್ಲ, ಹೋಮ್ ಗಾರ್ಡ್. ಐವತ್ತರ ತನಕ ತಗೋತಾರೆ, ನೀವೂ ಬನ್ನಿ" ಅಂದರು. ಅಂದು ರಾತ್ರಿ ಮಷೀನಿನ ಮೇಲೆ ಕೂತರೂ ಹೊಲಿಗೆ ಮುಂದೆ ಹೋಗಲಿಲ್ಲ. ಚಿಕ್ಕವಳಿದ್ದಾಗ ಸಿಂದಗಿಯಲ್ಲಿ ಲೇಡಿ ಪೊಲೀಸ್ ಒಬ್ಬರನ್ನು ನೋಡಿ ಹುಟ್ಟಿದ್ದ ಆಸೆ, ಮದುವೆ, ಮುಂಬೈ, ಮಕ್ಕಳು ಅಂತ ಕೆಳಗೆ ಹೋಗಿ ಕೂತಿತ್ತೇ ಹೊರತು ಸತ್ತಿರಲಿಲ್ಲ.

ಮನೆಯವರು ಅಡ್ಡ ಬರಲಿಲ್ಲ. ಅವರು ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಗೆ ಹೋಗಿ ಕನ್ನಡ ಮಾಧ್ಯಮದಲ್ಲೇ ಹತ್ತನೇ ಪಾಸಾದವರು. ಮುಂಬೈಯ ಕನ್ನಡ ರಾತ್ರಿ ಶಾಲೆಗಳು ಎಷ್ಟು ಹೋಟೆಲ್ ಹುಡುಗರ ಬಾಳು ತಿದ್ದಿವೆಯೋ! ತಡವಾಗಿ ಓದಿದವರಿಗೆ ತಡವಾಗಿ ಶುರು ಮಾಡುವವರ ಸಂಕಟ ಗೊತ್ತಿರುತ್ತದೆ. ಅತ್ತೆಯವರು ಮಾತ್ರ ಊರಿಂದ ಫೋನಿನಲ್ಲಿ, "ಯಾಕ ಬೇಕವ್ವ ನಿನಗ ಇದು, ಮಗಳ ಮದವಿ ಮಾಡೂ ಹೊತ್ತಿನ್ಯಾಗ?" ಅಂದರು. ಈಗ ಅವರೇ ಊರಲ್ಲಿ ನನ್ನ ಫೋಟೋ ತೋರಿಸುತ್ತಾರೆ.

ಓಟಕ್ಕಿಂತ ನನ್ನನ್ನು ಹೆಚ್ಚು ದಣಿಸಿದ್ದು ಕಾಗದಪತ್ರ. ಕರ್ನಾಟಕದಿಂದ ಬಂದ ಹೆಣ್ಣುಮಕ್ಕಳು ಇದನ್ನು ಗಮನವಿಟ್ಟು ಓದಬೇಕು. ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ತವರಿನ ಹೆಸರು, ಮುಂದೆ ಅಪ್ಪನ ಹೆಸರು. ಇಲ್ಲಿ ಮಾಡಿಸಿದ ಆಧಾರ್‌ನಲ್ಲಿ ನಮ್ಮ ಹೆಸರು, ಗಂಡನ ಹೆಸರು, ಆಮೇಲೆ ಮನೆತನದ ಅಡ್ಡಹೆಸರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಹೆಂಗಸರ ಹಾಗೆ ಕಾಣುತ್ತದೆ. ನಮ್ಮ ಮದುವೆ ನೋಂದಣಿಯೇ ಆಗಿರಲಿಲ್ಲ. ಅದನ್ನು ಮಾಡಿಸಿ, ರಾಜ್ಯದ ಗೆಜೆಟ್‌ನಲ್ಲಿ ಹೆಸರು ಬದಲಾದದ್ದನ್ನು ಪ್ರಕಟಿಸಿ, ಆಮೇಲೆ ಎಲ್ಲ ಒಂದು ಹಾದಿಗೆ ಬಂತು. ಜೊತೆಗೆ ಮೂರು ತಿಂಗಳೊಳಗಿನ ಪೊಲೀಸ್ ಚಾರಿತ್ರ್ಯ ಪ್ರಮಾಣಪತ್ರ ಬೇಕು. ಖಾಸಗಿ ಕೆಲಸದಲ್ಲಿ ಇರುವವರು ಮಾಲೀಕರಿಂದ ಅಭ್ಯಂತರ ಇಲ್ಲ ಅನ್ನುವ ಪತ್ರ ತರಬೇಕು. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದವರಿಗೆ, ಮನೆಗೆಲಸಕ್ಕೆ ಹೋಗುವವರಿಗೆ ಈ ಪತ್ರ ಸಿಗುವುದೇ ಕಷ್ಟ, ಮೊದಲೇ ಕೇಳಿಟ್ಟುಕೊಳ್ಳಿ. ಭರ್ತಿ ಠಾಣೆವಾರು ನಡೆಯುವುದರಿಂದ ನೀವು ವಾಸ ಇರುವ ಪ್ರದೇಶದ್ದೇ ವಿಳಾಸ ಇರಬೇಕು. ಬಾಡಿಗೆ ಮನೆ ಬದಲಿಸುತ್ತಾ ಇರುವವರು ಆಧಾರ್ ವಿಳಾಸ ಸರಿಮಾಡಿಸಿಕೊಂಡಿರಿ. ಅರ್ಜಿ ಕರೆದ ಮೇಲೆ ಓಡಾಡಿದರೆ ಆಗುವ ಕೆಲಸಗಳಲ್ಲ ಇವು.

ಇನ್ನು ಮೈಯ ವಿಷಯ. ಹೆಂಗಸರಿಗೆ 800 ಮೀಟರ್ ಓಟ, 4 ಕೆಜಿ ಗುಂಡು ಎಸೆತ. ಗಂಡಸರಿಗೆ 1600 ಮೀಟರ್. ವರ್ಷಗಟ್ಟಲೆ ಹೊಲಿಗೆ ಮಷೀನಿನ ಮುಂದೆ ಬಾಗಿ ಕೂತವಳಿಗೆ 800 ಮೀಟರ್ ಸಣ್ಣದಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು. ಮಾತ್ರೆ ಶುರುವಾಗಿ ರಕ್ತ ಒಂದು ಮಟ್ಟಕ್ಕೆ ಬರುವ ತನಕ ಬರೀ ನಡೆದೆ. ಆಮೇಲೆ ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಓಟ, ಅಲ್ಲಿಂದ ಮುಂದಿನದಕ್ಕೆ ನಡಿಗೆ. ಕಂಬಗಳನ್ನು ಹೆಚ್ಚಿಸುತ್ತಾ ಹೋದೆ. ನಮ್ಮ ವಯಸ್ಸಿನವರು ಉಸಿರಿಗಿಂತ ಮೊದಲು ಮಂಡಿ ಕಾಪಾಡಿಕೊಳ್ಳಬೇಕು. ಚಪ್ಪಲಿಯಲ್ಲಿ ಓಡಬೇಡಿ. ಒಂದು ಒಳ್ಳೆ ಜೋಡಿ ಬೂಟಿಗೆ ದುಡ್ಡು ಹಾಕಿ.

ಗುಂಡು ಎಸೆಯುವುದನ್ನು ಕಲಿಸಿದವರು ಮೈದಾನದ ಹುಡುಗರು. ಮುಂಬೈಯ ಯಾವ ಮೈದಾನಕ್ಕೆ ಬೆಳಗಿನ ಐದಕ್ಕೆ ಹೋದರೂ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರು ಇರುತ್ತಾರೆ. ಸೊಲ್ಲಾಪುರ, ಬೀಡ್, ಲಾತೂರ್ ಕಡೆಯಿಂದ ಬಂದು ನಾಲ್ಕೈದು ಜನ ಒಂದು ಖೋಲಿ ಹಿಡಿದಿರುತ್ತಾರೆ. ನಾನು ಗುಂಡನ್ನು ಚೆಂಡಿನ ಹಾಗೆ ತೋಳಿನಿಂದ ಬೀಸುವುದನ್ನು ನೋಡಿ ಒಬ್ಬ ಹುಡುಗಿ ತಾನಾಗಿ ಬಂದಳು. ಗುಂಡು ಅಂಗೈಯಲ್ಲಿ ಕೂರಬಾರದು, ಬೆರಳಿನ ಬುಡದ ಮೇಲೆ ನಿಲ್ಲಬೇಕು. ದವಡೆ ಕೆಳಗೆ ಕುತ್ತಿಗೆಗೆ ತಾಗಿರಬೇಕು. ಬಲಗಾಲಿನ ಮೇಲೆ ಭಾರ ಇಟ್ಟು ಕೂತು, ಕಾಲಿಂದ ಎದ್ದು, ಸೊಂಟ ತಿರುಗಿಸಿ, ಕೊನೆಗೆ ಕೈ ನೂಕಬೇಕು. ಬಲ ಕೈಯಲ್ಲಿಲ್ಲ, ತೊಡೆಯಲ್ಲಿದೆ ಅಂತ ಅವಳು ನನ್ನ ತೊಡೆ ತಟ್ಟಿ ತೋರಿಸಿದಳು. ಬಾವಿಯಿಂದ ನೀರು ಹೊತ್ತು ಬೆಳೆದ ಕಾಲುಗಳು ನನ್ನವು. ಅದು ಅರ್ಥವಾದ ದಿನದಿಂದ ಗುಂಡು ದೂರ ಬೀಳತೊಡಗಿತು. ಆ ಹುಡುಗಿ ಈಗ ಪೊಲೀಸ್ ಶಿಪಾಯಿ.

ಕೊನೆಗೆ ಭರ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ತರಬೇತಿಯಲ್ಲಿ ಕವಾಯತು, ಲಾಠಿ, ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಗುಂಪು ತಡೆಯಲು ಹಗ್ಗ ಹಿಡಿಯುವುದು, ಟ್ರಾಫಿಕ್. ಕಲಿಸಿದವರು ನನ್ನ ತಮ್ಮನ ವಯಸ್ಸಿನವರು. ಅವರಿಗೆ ಸೆಲ್ಯೂಟ್ ಹೊಡೆಯಲು ನನಗೆ ಒಂದು ದಿನವೂ ಮುಜುಗರ ಆಗಲಿಲ್ಲ. ನಡು ವಯಸ್ಸಿನಲ್ಲಿ ಬರುವವರಿಗೆ ಇದು ಮನಸ್ಸಿಗೆ ಹಿಡಿಸದಿದ್ದರೆ ಈ ಕೆಲಸಕ್ಕೆ ಬರಲೇಬಾರದು. ಖಾಕಿಯಲ್ಲಿ ಹುದ್ದೆಗೆ ಗೌರವ, ವಯಸ್ಸಿಗಲ್ಲ. ಸಮವಸ್ತ್ರದ ಬಟ್ಟೆಯನ್ನು ನಾನೇ ಹೊಲಿದುಕೊಂಡೆ. ಭುಜದ ಹತ್ತಿರ ಅರ್ಧ ಇಂಚು ಸಡಿಲ ಬಿಟ್ಟೆ, ಕೈ ಎತ್ತಿ ಜನರನ್ನು ತಡೆಯುವಾಗ ಅಂಗಿ ಮೇಲೆ ಏರಬಾರದು ಅಂತ. ಆಮೇಲೆ ನನ್ನ ತುಕಡಿಯ ಅರ್ಧ ಹೆಂಗಸರ ಅಂಗಿಗಳು ನನ್ನ ಮಷೀನಿಗೆ ಬಂದವು.

ದುಡ್ಡಿನ ಮಾತು ಮುಚ್ಚಿಡುವುದಿಲ್ಲ. ಇದು ಸಂಬಳದ ನೌಕರಿ ಅಲ್ಲ. ಸ್ವಯಂಸೇವಕರ ದಳ, ಧ್ಯೇಯವಾಕ್ಯವೇ ನಿಷ್ಕಾಮ ಸೇವೆ. ಕರೆದ ದಿನಕ್ಕೆ ಭತ್ತೆ. ಅದು ದಿನಕ್ಕೆ 570 ರೂಪಾಯಿ ಇತ್ತು, 2024ರ ಅಕ್ಟೋಬರ್‌ನಿಂದ 1083 ಆಯಿತು. ದೊಡ್ಡ ಏರಿಕೆಯೇ, ಆದರೆ ತಿಂಗಳಿಗೆ ಎಷ್ಟು ದಿನ ಕರೆಯುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಹಬ್ಬ, ಚುನಾವಣೆ ಬಂದರೆ ಬಿಡುವಿಲ್ಲ, ಮಧ್ಯೆ ಸುಮ್ಮನೆ ಕೂರುವ ದಿನಗಳೂ ಉಂಟು. ಇದ್ದ ಕೆಲಸ ಬಿಟ್ಟು ಬರಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ನನ್ನ ಮಷೀನು ಇವತ್ತಿಗೂ ನಡೆಯುತ್ತಿದೆ. ಮೂರು ವರ್ಷ ಸೇವೆ ಮುಗಿಸಿದ ಹೋಮ್ ಗಾರ್ಡ್‌ಗಳಿಗೆ ಪೊಲೀಸ್, ಅರಣ್ಯ, ಅಗ್ನಿಶಾಮಕ ಭರ್ತಿಯಲ್ಲಿ 5 ಶೇಕಡಾ ಮೀಸಲಾತಿ ಇದೆ, ಆದರೆ ಅದು ವಯಸ್ಸಿನೊಳಗೆ ಇರುವ ಹುಡುಗರಿಗೆ ಉಪಯೋಗ. ನಮಗಲ್ಲ.

ಅಧಿಕಾರದ ಬಗ್ಗೆಯೂ ಸ್ಪಷ್ಟ ಇರಬೇಕು. 1947ರ ಮುಂಬೈ ಹೋಮ್ ಗಾರ್ಡ್ಸ್ ಕಾಯಿದೆಯ ಪ್ರಕಾರ ನಮ್ಮನ್ನು ಕೆಲಸಕ್ಕೆ ಕರೆದಾಗ ಪೊಲೀಸರಿಗಿರುವ ಅಧಿಕಾರವೂ ರಕ್ಷಣೆಯೂ ನಮಗಿವೆ. ಡ್ಯೂಟಿ ಮುಗಿದ ಮೇಲೆ ನಾನು ಓಣಿಯ ಎಲ್ಲರ ಹಾಗೆ ಒಬ್ಬಳು. ನೀರಿನ ಜಗಳಕ್ಕೆ, ಬಾಡಿಗೆ ಜಗಳಕ್ಕೆ "ನೀವು ಒಮ್ಮೆ ಡ್ರೆಸ್ ಹಾಕ್ಕೊಂಡು ಬಂದು ನಿಂತ್ರೆ ಸಾಕು" ಅಂತ ಕರೆಯಲು ಬಂದವರನ್ನು ಚಹಾ ಕೊಟ್ಟು ವಾಪಸ್ ಕಳಿಸಿದ್ದೇನೆ. ಇದರಲ್ಲಿ ಒಮ್ಮೆ ಸಡಿಲ ಬಿಟ್ಟರೆ ಖಾಕಿಯ ಮಾನ ಹೋಗುತ್ತದೆ.

ನನಗೆ ಹೆಚ್ಚು ಬಂದಿರುವುದು ರಾತ್ರಿ ಲೋಕಲ್‌ನ ಲೇಡೀಸ್ ಡಬ್ಬಿಯ ಕಾವಲು, ರೈಲ್ವೆ ಪೊಲೀಸರ ಜೊತೆ. ಹೆಂಗಸರ ಡಬ್ಬಿಗೆ ಗಂಡಸರು ಹತ್ತುವುದು ರೈಲ್ವೆ ಕಾಯಿದೆಯ 162ನೇ ಕಲಮಿನಡಿ ಅಪರಾಧ. ಹತ್ತುವವರಲ್ಲಿ ಬಹಳ ಜನ ಅವಸರದಲ್ಲಿ ಡಬ್ಬಿ ತಪ್ಪಿದವರು, ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಾರೆ. ಕುಡಿದು ಹತ್ತುವವನ ಹತ್ತಿರ ನಾನು ದನಿ ಏರಿಸುವುದಿಲ್ಲ. ಅವನಿಗೂ ಕೂತ ಹೆಂಗಸರಿಗೂ ನಡುವೆ ನಿಂತು, ಬಾಗಿಲ ಕಡೆಯಿಂದ ಅವನನ್ನು ಒಳಗೆ ಸರಿಸಿ ಹಿಡಿಯುತ್ತೇನೆ, ಓಡುವ ರೈಲಿನಿಂದ ಬಿದ್ದುಬಿಟ್ಟಾನು ಅಂತ. ಸ್ಟೇಷನ್ ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ಇರುವ ಸಿಬ್ಬಂದಿಗೆ ಒಪ್ಪಿಸುತ್ತೇನೆ. ಕೊನೆಯ ಗಾಡಿಗಳಲ್ಲಿ ಆಸ್ಪತ್ರೆಯ ನರ್ಸುಗಳು, ಹೋಟೆಲಿನ ಹುಡುಗಿಯರು, ಮೀನಿನ ಬುಟ್ಟಿಯ ಮುದುಕಿಯರು ಇರುತ್ತಾರೆ. ನನ್ನನ್ನು ನೋಡಿದ ಮೇಲೆ ಕೆಲವರು ಬ್ಯಾಗ್ ಅಪ್ಪಿಕೊಂಡು ಕಣ್ಣು ಮುಚ್ಚುತ್ತಾರೆ. ಅವರು ನಂಬಿ ಮಾಡುವ ಆ ಹತ್ತು ನಿಮಿಷದ ನಿದ್ದೆಗಿಂತ ದೊಡ್ಡ ಭತ್ತೆ ನನಗೆ ಬೇಡ. ಜಿಆರ್‌ಪಿ, ಅಂದರೆ ರೈಲ್ವೆ ಪೊಲೀಸರ ಸಹಾಯವಾಣಿ 1512, ರೈಲ್ವೆಯ ಸಹಾಯವಾಣಿ 139, ಎರಡನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ.

ಆದರೆ ನಾನು ಈ ವಯಸ್ಸಿನಲ್ಲಿ, ಈ ಭಾಷೆ ಇಟ್ಟುಕೊಂಡು ಇಲ್ಲಿ ಯಾಕೆ ಇರಬೇಕು ಅಂತ ಪೂರ್ತಿ ತಿಳಿದದ್ದು ದಾದರಿನಲ್ಲಿ. ಡಿಸೆಂಬರ್ 6 ಹೋಮ್ ಗಾರ್ಡ್ ಸ್ಥಾಪನೆಯ ದಿನ. 1946ರಲ್ಲಿ ಗಲಭೆಗಳ ಕಾಲದಲ್ಲಿ ಪೊಲೀಸರ ನೆರವಿಗೆ ಈ ದಳ ಮೊದಲು ಶುರುವಾದದ್ದು ಇದೇ ಮುಂಬೈಯಲ್ಲಿ. ಅದೇ ದಿನ ಬಾಬಾಸಾಹೇಬ ಅಂಬೇಡ್ಕರರ ಮಹಾಪರಿನಿರ್ವಾಣ ದಿನ. ದಾದರಿನಲ್ಲಿ ಅವರ ಅಂತ್ಯಕ್ರಿಯೆ ನಡೆದ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಶಿವಾಜಿ ಪಾರ್ಕ್ ತುಂಬಿ ಹೋಗುತ್ತದೆ. ವಿದರ್ಭ, ಮರಾಠವಾಡದಿಂದ ಬಂದವರ ಜೊತೆ ನಮ್ಮ ಕಲಬುರಗಿ, ಬೀದರ್, ವಿಜಯಪುರದ ಜನವೂ ಬಹಳ.

ಕಳೆದ ಸಲ ಪಾರ್ಕಿನ ಅಂಚಿನಲ್ಲಿ ಬಿಳಿ ಸೀರೆಯ ಒಬ್ಬ ಮುದುಕಿ ಒಂದೇ ಕಡೆ ನಿಂತು ಸುತ್ತ ನೋಡುತ್ತಿದ್ದಳು. ಶಿಪಾಯಿಯೊಬ್ಬ ಮರಾಠಿಯಲ್ಲಿ ಕೇಳಿದ, ಹಿಂದಿಯಲ್ಲಿ ಕೇಳಿದ. ಆಕೆ ಬರೀ ಕೈ ಮುಗಿದಳು. ನಾನು ಹತ್ತಿರ ಹೋಗಿ, "ಯಾವೂರು ಆಯಿ ನಿಮ್ದು?" ಅಂದೆ. ಆಕೆ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಜೇವರ್ಗಿ ಕಡೀದು ಯವ್ವಾ. ನಮ್ಮ ಮಂದಿ ಎಲ್ಲಿ ಹ್ವಾದ್ರೋ ತಿಳೀವಲ್ದು." ಕುಪ್ಪಸದ ಒಳಗಿಂದ ಮಡಿಚಿದ ಚೀಟಿ ತೆಗೆದಳು. ಮೊಮ್ಮಗನ ಫೋನ್ ನಂಬರು, ಕೊನೆಯ ಎರಡು ಅಂಕಿ ಬೆವರಿಗೆ ಅಳಿಸಿ ಹೋಗಿದ್ದವು. ಆಕೆಯನ್ನು ನೆರಳಿಗೆ ಕೂರಿಸಿ ಕೇಳಿದೆ, ಯಾವ ಗಾಡಿಗೆ ಬಂದಿರಿ, ರಾತ್ರಿ ಎಲ್ಲಿ ಮಲಗಿದಿರಿ, ಊಟ ಕೊಟ್ಟ ಪೆಂಡಾಲಿನಲ್ಲಿ ಏನು ಕಾಣುತ್ತಿತ್ತು. ಫೋಟೋ ನೆನಪಾಗಲಿಲ್ಲ, ಬ್ಯಾನರ್ ನೆನಪಾಗಲಿಲ್ಲ, ಆದರೆ ಪಕ್ಕದಲ್ಲಿ ಪುಸ್ತಕದ ಅಂಗಡಿ ಇತ್ತು, ಮೊಮ್ಮಗ ಅಲ್ಲಿಂದ ಕದಲುತ್ತಲೇ ಇರಲಿಲ್ಲ ಅಂದಳು. ಸಬ್ ಇನ್ಸ್‌ಪೆಕ್ಟರ್ ಸಾಹೇಬರನ್ನು ಕೇಳಿ ಮೈಕ್ ತೆಗೆದುಕೊಂಡು, ಜೇವರ್ಗಿಯಿಂದ ಬಂದವರು ಪುಸ್ತಕದ ಮಳಿಗೆಗಳ ಕಡೆ ಇದ್ದರೆ ಪೊಲೀಸ್ ಡೇರೆಗೆ ಬನ್ನಿ, ನಿಮ್ಮ ಆಯಿ ಇಲ್ಲಿದ್ದಾರೆ ಅಂತ ಕನ್ನಡದಲ್ಲಿ ಹೇಳಿದೆ. ಆ ಹುಡುಗ ಪುಸ್ತಕದ ಚೀಲ ಎದೆಗೆ ಅವಚಿಕೊಂಡು ಓಡುತ್ತಾ ಬಂದ. ಅವನ ಹಿಂದೆಯೇ ಬೇರೆ ಊರಿನ ಕನ್ನಡದವರೂ ಬಂದರು, ತಮ್ಮವರು ಕಳೆದಿದ್ದಾರೆ ಅಂತ. ಸಾಹೇಬರು ಆಮೇಲೆ ಮೈಕ್ ನನ್ನ ಹತ್ತಿರವೇ ಬಿಟ್ಟರು. ಇಪ್ಪತ್ತರ ಹುಡುಗಿಯಾಗಿದ್ದರೆ ನಾನು ಆ ಮುದುಕಿಗೆ ಬ್ಯಾನರ್ ಯಾವುದು ಅಂತಲೇ ಮತ್ತೆ ಮತ್ತೆ ಕೇಳುತ್ತಿದ್ದೆನೇನೋ. ಮಕ್ಕಳು ಕಳಕೊಂಡದ್ದನ್ನು ಹುಡುಕಿಕೊಟ್ಟು, ಅತ್ತೆಯ ಮರೆವಿನ ಜೊತೆ ಬಾಳಿದವಳಿಗೆ ಹೇಗೆ ಕೇಳಬೇಕು ಅನ್ನುವುದು ಗೊತ್ತಿರುತ್ತದೆ.

ಹೆಂಗಸರ ಅಗತ್ಯ ಈ ಕೆಲಸದಲ್ಲಿ ಹೆಚ್ಚುತ್ತಲೇ ಇದೆ. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನುವ ಕಾನೂನಿನಲ್ಲೂ, ತೀರಾ ಅನಿವಾರ್ಯ ಇಲ್ಲದೆ ಸೂರ್ಯಾಸ್ತದಿಂದ ಸೂರ್ಯೋದಯದ ತನಕ ಹೆಂಗಸನ್ನು ಬಂಧಿಸುವಂತಿಲ್ಲ. ಬಂಧಿಸಲೇಬೇಕಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು. ಬಂಧಿಸುವುದು ನಮ್ಮ ಕೆಲಸವಲ್ಲ, ಆದರೆ ಅಂಥ ರಾತ್ರಿಗಳಲ್ಲಿ ಪಕ್ಕದಲ್ಲಿ ನಿಲ್ಲಲು ಹೆಂಗಸರು ಬೇಕು.

ಮುಂದಿನ ಭರ್ತಿಗೆ ನಮ್ಮ ಓಣಿಯ ಇಬ್ಬರು ತಯಾರಾಗುತ್ತಿದ್ದಾರೆ. ಒಬ್ಬಾಕೆಗೆ 38, ಇನ್ನೊಬ್ಬಾಕೆಗೆ 45. ಬೆಳಿಗ್ಗೆ ನನ್ನ ಜೊತೆ ಕಂಬ ಎಣಿಸುತ್ತಾ ಓಡುತ್ತಾರೆ. ದೊಡ್ಡಾಕೆಯ ಓಟ ನನಗಿಂತ ಚುರುಕು. ಆಕೆಯ ಮಾರ್ಕ್ಸ್ ಕಾರ್ಡ್ ಇಂಡಿಯಲ್ಲಿ ಅಣ್ಣನ ಮನೆಯ ಟ್ರಂಕಿನಲ್ಲಿದೆ, ಅದು ಬಂದ ಕೂಡಲೇ ಗೆಜೆಟ್ ಕೆಲಸಕ್ಕೆ ಹಚ್ಚಬೇಕು.