ಬೆಳಗಿನ ಜಾವ ಎಲೆ ನೋಡಿ ಪಂಪ್ ಎತ್ತಿದೆ: ಬರದಲ್ಲಿ ಹಿಂಗಾರಿ ಜೋಳ, ನನ್ನ ಅನುಭವ

2023ರ ಬರ ಯಾರಿಗೂ ಮರೆತಿಲ್ಲ ಅಲ್ವಾ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತ್ತು. ನಮ್ಮದು ಗದಗ ಜಿಲ್ಲೆ, ರೋಣದ ಕಡೆ ಕಪ್ಪು ಮಣ್ಣಿನ ಎರೆಹೊಲ. ಅಕ್ಟೋಬರ್ ಮೊದಲ ವಾರ ನೆಲದಲ್ಲಿದ್ದ ಅಷ್ಟಿಷ್ಟು ಹಸಿ ನಂಬಿ ನಾಲ್ಕು ಎಕರೆ ಮಾಲ್ದಂಡಿ ತಳಿಯ ಜೋಳ ಬಿತ್ತಿದೆ. ಆಮೇಲೆ ಮೋಡ ಬಂತು, ಹೋಯ್ತು. ಮಳೆ ಬರಲಿಲ್ಲ.

ಕೃಷಿ ಹೊಂಡದಲ್ಲಿ ಮೊಣಕಾಲುದ್ದ ನೀರಿತ್ತು. ಅದನ್ನು ಹೊಲಕ್ಕೆ ಹಾಯಿಸಿದರೆ ಎರೆಮಣ್ಣಿನ ಬಿರುಕೇ ಕುಡಿದು ಬಿಡುತ್ತದೆ, ನಾಲ್ಕು ಸಾಲೂ ನೆನೆಯುವುದಿಲ್ಲ. ಆದರೆ ಗೊಬ್ಬರ ಕರಗಿಸಿ ಎಲೆಗೆ ಸಿಂಪಡಿಸುವುದಕ್ಕೆ ಎಕರೆಗೆ 200 ಲೀಟರ್ ಸಾಕು. ನಾಲ್ಕು ಎಕರೆಗೆ 800 ಲೀಟರ್. ಈ ಲೆಕ್ಕ ಹಾಕಿದ ಮೇಲೆಯೇ ನನಗೆ ಧೈರ್ಯ ಬಂದದ್ದು.

ಕಾಕಾ ಕೇಳಿದರು, "ಬೇರಿಗೆ ನೀರಿಲ್ಲ, ಎಲಿಗೆ ಹೊಡದ್ರ ಏನಾಗ್ತದೋ ತಮ್ಮಾ?" ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಸಿಂಪಡಣೆ ನೀರಿಗೆ ಬದಲಿ ಅಲ್ಲ. ಒಣ ನೆಲದಲ್ಲಿ ಬೇರಿಗೆ ಗೊಬ್ಬರ ಎಳೆದುಕೊಳ್ಳಲು ಆಗುವುದಿಲ್ಲ, ಆಗ ಎಲೆಯ ಮೂಲಕ ಸ್ವಲ್ಪ ಕೊಡಬಹುದು, ಅಷ್ಟೇ. ಅದರಲ್ಲೂ ಪೊಟ್ಯಾಷ್ ಮುಖ್ಯ. ಎಲೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ, ಅವು ತೆರೆಯುವುದು ಮುಚ್ಚುವುದು ಪೊಟ್ಯಾಷ್ ಮೇಲೆಯೇ ನಿಂತಿದೆ. ಹೊತ್ತಿಗೆ ಸರಿಯಾಗಿ ಮುಚ್ಚಿಕೊಂಡರೆ ಗಿಡದ ನೀರು ಉಳಿಯುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಕಾಳಿಗೆ ಹೋಗುವುದಕ್ಕೂ ಪೊಟ್ಯಾಷ್ ಬೇಕು.

ಮೊದಲು ಎಡೆ ಹೊಡೆದೆ, ಅಂದರೆ ಸಾಲಿನ ನಡುವೆ ಕುಂಟೆ ಎಳೆದು ಮಣ್ಣು ಸಡಿಲ ಮಾಡಿದೆ, ಎರಡು ಸಲ. ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚದಿದ್ದರೆ ಕೆಳಗಿನ ಹಸಿ ಅಲ್ಲಿಂದಲೇ ಹಾರಿ ಹೋಗುತ್ತದೆ, ಆಗ ಎಲೆಗೆ ಏನು ಹೊಡೆದರೂ ದಂಡ. ಎಡೆ ಬಿಟ್ಟು ಸುಮ್ನೆ ಸಿಂಪಡಣೆ ಒಂದನ್ನೇ ನಂಬುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಯಾವಾಗ ಹೊಡೆಯಬೇಕು ಅನ್ನುವುದು ಎಲ್ಲಕ್ಕಿಂತ ದೊಡ್ಡ ವಿಷಯ. ಮಧ್ಯಾಹ್ನ ಎಲೆ ಸುರುಳಿ ಸುತ್ತಿಕೊಂಡರೆ ಗಾಬರಿ ಬೇಡ, ಜೋಳ ತನ್ನ ನೀರು ಉಳಿಸಿಕೊಳ್ಳುವ ರೀತಿ ಅದು. ನೋಡಬೇಕಾದದ್ದು ಬೆಳಗಿನ ಜಾವ. ನಾನು ಐದೂವರೆಗೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಸಾಲು ಸಾಲು ನೋಡುತ್ತಿದ್ದೆ. ಎಲೆ ಪೂರ್ತಿ ಬಿಚ್ಚಿಕೊಂಡು ಅಗಲವಾಗಿದ್ದರೆ ಬೇರಿನ ಹತ್ತಿರ ಇನ್ನೂ ಹಸಿ ಇದೆ, ಸಿಂಪಡಣೆ ಕೆಲಸ ಮಾಡುತ್ತದೆ. ರಾತ್ರಿ ಕಳೆದರೂ ಎಲೆ ಸುತ್ತಿಕೊಂಡೇ ಇದ್ದರೆ ಹೊತ್ತು ಮೀರಿದೆ. ನಮ್ಮ ಹೊಲದ ದಿಬ್ಬದಲ್ಲಿ, ಮಣ್ಣು ತೆಳುವಿರುವ ಕಡೆ, ಹಾಗೇ ಇತ್ತು. ಅಲ್ಲೂ ಹೊಡೆದೆ, ಏನೂ ಆಗಲಿಲ್ಲ. ಕೊನೆಗೆ ದಂಟು ಬಾಗಿ ಬಿದ್ದವು, ಕೆಳಗಿನ ಗಣ್ಣು ಸೀಳಿದರೆ ಒಳಗೆ ಇದ್ದಿಲ ಪುಡಿ ಹಾಗೆ ಕಪ್ಪು.

ಬಳಸಿದ್ದು ಪೊಟ್ಯಾಸಿಯಂ ನೈಟ್ರೇಟ್, ಅಂಗಡಿಯಲ್ಲಿ 13-0-45 ಅಂತ ಕೇಳಿದರೆ ಕೊಡುತ್ತಾರೆ. ಶೇ 1ರ ದ್ರಾವಣ, ಅಂದರೆ ಲೀಟರಿಗೆ 10 ಗ್ರಾಂ, 16 ಲೀಟರಿನ ಪಂಪಿಗೆ 160 ಗ್ರಾಂ, ಎಕರೆಗೆ 2 ಕಿಲೋ. ಬಕೆಟ್ಟಿನಲ್ಲಿ ಬೇರೆ ಕಲಸಿಕೊಳ್ಳಬೇಕು. ಕಲಸುವಾಗ ಬಕೆಟ್ ಮುಟ್ಟಿ ನೋಡಿ, ನೀರು ತಣ್ಣಗಾಗುತ್ತಾ ಬರುತ್ತದೆ, ಈ ಗೊಬ್ಬರ ಕರಗುವಾಗ ಹಾಗೇ. ಪೂರ್ತಿ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ ಪಂಪಿಗೆ ಹಾಕಿದೆ. ನಮ್ಮ ಬೋರಿನ ನೀರು ಸವಳು, ಅದಕ್ಕೆ ಹೊಂಡದ ನೀರೇ ತೆಗೆದುಕೊಂಡೆ.

ಕೆಲವು ವರ್ಷದ ಹಿಂದೆ ಇದೇ ಹೊಲದಲ್ಲಿ ಯೂರಿಯಾವನ್ನು ತೂಕ ಮಾಡದೆ ಮುಷ್ಟಿ ಲೆಕ್ಕದಲ್ಲಿ ಕಲಸಿ, ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಹೊಡೆದಿದ್ದೆ. ಎರಡೇ ದಿನಕ್ಕೆ ಎಲೆಯ ತುದಿ ಸುಟ್ಟು ಬಿಳಿಚಿಕೊಂಡವು. ಬರಗಾಲದ ಬೆಳೆಯಲ್ಲಿ ಇರುವ ಎಲೆಯನ್ನೂ ಕಳೆದುಕೊಂಡ ನೋವು ಇವತ್ತಿಗೂ ಇದೆ. ಈಗ ಸಣ್ಣ ತಕ್ಕಡಿ ಇಲ್ಲದೆ ಪಂಪ್ ಮುಟ್ಟುವುದಿಲ್ಲ, ಸಂಜೆ ನಾಲ್ಕೂವರೆಗೆ ಮುಂಚೆ ಹೊಡೆಯುವುದಿಲ್ಲ. ಅಂಗಡಿಯಲ್ಲಿ ಒಬ್ಬರು ಜತೆಗೆ ಬರ ತಡೆಯುವ ಟಾನಿಕ್ ಅಂತ ಒಂದು ಬಾಟಲಿ ಕೊಡಲು ಬಂದರು. ಒಳಗೆ ಏನಿದೆ ಅಂತ ಚೀಟಿಯ ಮೇಲೆ ಬರೆದಿರಲಿಲ್ಲ. ಬೇಡ ಅಂದೆ.

ಮೊದಲ ಸಲ ಹೊಡೆದದ್ದು ಡಿಸೆಂಬರ್ ಶುರುವಿನಲ್ಲಿ, ಹೊಡೆ ಕಟ್ಟುವಾಗ, ಅಂದರೆ ತೆನೆ ಇನ್ನೂ ಎಲೆಯ ಒಳಗೇ ಇರುವಾಗ. ಎರಡನೆಯದು ಸುಮಾರು ಹದಿನೆಂಟು ದಿನ ಬಿಟ್ಟು. ಎಂಟು ಸಾಲು ಮಾತ್ರ ಬೇಕಂತಲೇ ಬಿಟ್ಟೆ, ಎರಡೂ ಕಡೆ ಕಟ್ಟಿಗೆ ನೆಟ್ಟು ಕೆಂಪು ದಾರ ಕಟ್ಟಿದೆ. ಹೀಗೆ ಬಿಡದಿದ್ದರೆ ಫಲ ಬಂದದ್ದು ಸಿಂಪಡಣೆಯಿಂದಲೋ ಇಬ್ಬನಿಯಿಂದಲೋ ಗೊತ್ತಾಗುವುದಿಲ್ಲ.

ಎಳ್ಳ ಅಮಾವಾಸ್ಯೆ ದಿನ ಚರಗ ಚೆಲ್ಲಲು ಮನೆಯವರೆಲ್ಲ ಹೊಲಕ್ಕೆ ಬಂದಿದ್ದರು. ಬಿಟ್ಟ ಸಾಲಿನ ಹತ್ತು ತೆನೆ, ಹೊಡೆದ ಸಾಲಿನ ಹತ್ತು ತೆನೆ ಕಿತ್ತು ಕಾಕಾ ಮುಂದೆ ಇಟ್ಟೆ. ಜೋಳ ತುದಿಯಿಂದ ಕೆಳಗೆ ಹೂ ಬಿಡುತ್ತಾ ಬರುತ್ತದೆ, ಹಾಗಾಗಿ ಬುಡದ ಕಾಳು ಕೊನೆಗೆ ತುಂಬುತ್ತದೆ, ಬರ ಮೊದಲು ತಿನ್ನುವುದು ಅದನ್ನೇ. ಬಿಟ್ಟ ತೆನೆಗಳ ಬುಡ ಹಿಸುಕಿದರೆ ಬರೀ ಹೊಟ್ಟು. ಹೊಡೆದವುಗಳಲ್ಲಿ ಕಾಳು ಸಣ್ಣದಿದ್ದರೂ ಬುಡದವರೆಗೆ ಇತ್ತು. ಕಾಕಾ ಎರಡನ್ನೂ ಅಂಗೈಯಲ್ಲಿ ತಿಕ್ಕಿ ಊದಿ ನೋಡಿದರು, ಆಮೇಲೆ "ಪಂಪಿಗೆ ಎಷ್ಟು ಗ್ರಾಂ ಅಂದಿ?" ಅಂತ ಕೇಳಿದರು.

ಒಳ್ಳೆ ವರ್ಷದ ಇಳುವರಿ ಬರಲಿಲ್ಲ, ಬರುವುದೂ ಇಲ್ಲ. ಮನೆಗೆ ರೊಟ್ಟಿಯ ಜೋಳ ಆಯಿತು, ಎತ್ತುಗಳಿಗೆ ಕಣಿಕೆ ಆಯಿತು. ಒಂದು ತಪ್ಪು ಉಳಿದಿದೆ: ಎರಡನೇ ಸಿಂಪಡಣೆಗೆ ನಾನು ಹೂ ಮುಗಿಯುವ ತನಕ ಕಾಯ್ದೆ, ಅಷ್ಟರಲ್ಲಿ ಕೆಳಗಿನ ಮೂರು ಎಲೆ ಒಣಗಿದ್ದವು. ಮತ್ತೆ ಅಂಥ ವರ್ಷ ಬಂದರೆ ತೆನೆ ಹೊರಗೆ ಇಣುಕಿದ ಕೂಡಲೇ ಹೊಡೆಯುತ್ತೇನೆ.