ಹಾರ್ಟ್ ಆಪರೇಷನ್ ಆದವರ ಬಿಪಿ: ಐಸಿಯುಗೆ ಹೊಸದಾಗಿ ಬಂದ ನರ್ಸ್‌ಗಳಿಗೆ

ಹಾರ್ಟ್ ಸರ್ಜರಿ ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ಹೊಸಬರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. ಮಾನಿಟರ್‌ನಲ್ಲಿ ಬಿಪಿ ಇಳಿದರೆ ಮೊದಲು ರೋಗಿಯ ಮುಖ ನೋಡಿ, ಆಮೇಲೆ ಟ್ರಾನ್ಸ್‌ಡ್ಯೂಸರ್ (ರಕ್ತನಾಳದೊಳಗಿನ ಒತ್ತಡ ಅಳೆದು ಮಾನಿಟರ್‌ಗೆ ಕಳಿಸುವ ಸಾಧನ) ನೋಡಿ. ಔಷಧಿ ಹರಿಸುವ ಸಿರಿಂಜ್ ಪಂಪ್ ಆಮೇಲಿನದು. ರೋಗಿ ಬಿಳಿಚಿಕೊಂಡಿದ್ದರೆ, ಕರೆದರೆ ಕಣ್ಣು ಬಿಡದಿದ್ದರೆ ಮಾತ್ರ ಯಾವುದಕ್ಕೂ ಕಾಯಬೇಡಿ, ಡಾಕ್ಟರನ್ನು ಕೂಗಿ.

ಇದನ್ನು ಕಲಿತದ್ದು ನನ್ನ ತಪ್ಪಿನಿಂದ. ಬೈಪಾಸ್ ಆಗಿ ನಾಲ್ಕು ಗಂಟೆಯಾಗಿದ್ದ ರೋಗಿ. ರಾತ್ರಿ ಹಾಸಿಗೆ ಸರಿಪಡಿಸಿ ಮಂಚವನ್ನು ಸುಮಾರು 20 ಸೆಂ.ಮೀ. ಕೆಳಗಿಳಿಸಿದೆ. ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡಿನಲ್ಲೇ ಉಳಿದುಬಿಟ್ಟಿತ್ತು. ಮ್ಯಾಪ್, ಅಂದರೆ ಸರಾಸರಿ ಬಿಪಿ, 68 ಇದ್ದದ್ದು 53 ಅಂತ ತೋರಿಸಿತು. ಗಾಬರಿಯಲ್ಲಿ ಬಿಪಿ ಏರಿಸುವ ಔಷಧಿ ನಾರ್‌ಅಡ್ರಿನಲಿನ್ ಎರಡು ಸಲ ಏರಿಸಿದೆ. 69 ಬಂತು, ಉಸಿರು ಬಿಟ್ಟೆ. ಸೀನಿಯರ್ ಸಿಸ್ಟರ್ ಬಂದವರು ಒಂದು ಮಾತೂ ಆಡದೆ ಟ್ರಾನ್ಸ್‌ಡ್ಯೂಸರ್ ಕೆಳಗಿಳಿಸಿದರು. ಪರದೆ ಮೇಲೆ 84! ಹೊಸ ಹೊಲಿಗೆಗಳ ಮೇಲೆ ಅಷ್ಟು ಒತ್ತಡ ಹಾಕಿದ್ದೆ. ಆ ಗಂಟೆ ಡ್ರೈನ್‌ನಲ್ಲಿ (ಎದೆಯೊಳಗಿನ ರಕ್ತ ಹೊರತರುವ ಕೊಳವೆ) ರಕ್ತವೂ ಜಾಸ್ತಿ ಬಂತು.

ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿರಬೇಕು. ಅಂದರೆ ಎದೆಯ ನಾಲ್ಕನೇ ಪಕ್ಕೆಲುಬಿನ ಸಂದಿ, ಕಂಕುಳ ನಡುಗೆರೆ ಎರಡೂ ಸೇರುವ ಜಾಗ. ಚರ್ಮದ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿಬಿಡಿ. 10 ಸೆಂ.ಮೀ. ಮೇಲಿದ್ದರೆ ಬಿಪಿ ನಿಜಕ್ಕಿಂತ ಸುಮಾರು 7 ಅಂಕಿ ಕಮ್ಮಿ ತೋರಿಸುತ್ತದೆ, ಕೆಳಗಿದ್ದರೆ ಅಷ್ಟೇ ಹೆಚ್ಚು. ಮಂಚ ಅಲುಗಿಸಿದಾಗಲೆಲ್ಲ ಮಟ್ಟ ನೋಡಿ. ಪ್ರೆಶರ್ ಬ್ಯಾಗ್ (ಟ್ಯೂಬಿಗೆ ದ್ರವ ತಳ್ಳುವ ಒತ್ತಡದ ಚೀಲ) 300ರಲ್ಲಿ ಇದೆಯಾ, ಟ್ಯೂಬಿನಲ್ಲಿ ಗಾಳಿಗುಳ್ಳೆ ಇದೆಯಾ ನೋಡಿ. ಮಾನಿಟರ್‌ನಲ್ಲಿ ಬಿಪಿಯ ಅಲೆ ಚಪ್ಪಟೆಯಾಗಿದ್ದರೆ ತೋಳಿಗೆ ಕಫ್ ಕಟ್ಟಿ ಹೋಲಿಸಿ.

ಥಿಯೇಟರ್‌ನಲ್ಲಿ ಏನಾಯಿತು ಅಂತ ಹ್ಯಾಂಡ್‌ಓವರ್‌ನಲ್ಲಿ ಕೇಳಿ ತಿಳಿದುಕೊಳ್ಳಿ. ಮಹಾಧಮನಿಗೆ ಕೊಳವೆ ಹಾಕುವಾಗ ಅದರ ಗೋಡೆ ಸೀಳದಿರಲಿ ಅಂತ ಮೇಲಿನ ಬಿಪಿಯನ್ನು 100ರ ಹತ್ತಿರ ಇಳಿಸುತ್ತಾರೆ. ಹಾರ್ಟ್ ಲಂಗ್ ಮಷೀನ್ ಮೇಲಿದ್ದಾಗ ಬಡಿತ ಇರುವುದಿಲ್ಲ, ಗೆರೆ ನೆಟ್ಟಗಿರುತ್ತದೆ, ಮೇಲಿನದು ಕೆಳಗಿನದು ಅಂತ ಎರಡು ಅಂಕಿ ಇರುವುದಿಲ್ಲ. ಆಗ ಮ್ಯಾಪ್ ಒಂದೇ ಲೆಕ್ಕ, ಸಾಮಾನ್ಯವಾಗಿ 50ರಿಂದ 80. ಆಪರೇಷನ್‌ಗೆ ಮುಂಚೆ ಅವರ ಬಿಪಿ ಎಷ್ಟಿತ್ತು ಅನ್ನುವುದನ್ನಂತೂ ಮರೆಯದೆ ಕೇಳಿ. ವರ್ಷಗಟ್ಟಲೆ ಮೇಲಿನ ಬಿಪಿ 160 ಇದ್ದವರ ಕಿಡ್ನಿಗೆ, ಮಿಕ್ಕವರಿಗೆ ಸಾಕಾಗುವ ಒತ್ತಡ ಸಾಲದೇ ಇರಬಹುದು. ಐಸಿಯುನಲ್ಲಿ ಮ್ಯಾಪ್ 65ರ ಆಸುಪಾಸಿನಿಂದ ಮೇಲಿರಲಿ ಅನ್ನುವುದು ರೂಢಿ. ಆದರೆ ಈ ರೋಗಿಗೆ ಎಷ್ಟು ಬೇಕು ಅಂತ ಡಾಕ್ಟರ್ ಬಾಯಲ್ಲೇ ಕೇಳಿ ಚಾರ್ಟ್‌ನಲ್ಲಿ ಬರೆದುಕೊಳ್ಳಿ.

ಅಂಕಿ ನಿಜ, ಬಿಪಿ ಇಳಿದದ್ದೂ ನಿಜ ಅಂತಾದರೆ ಕಾರಣ ಹುಡುಕಿ. ತಣ್ಣಗೆ ಬಂದ ಮೈ ಬೆಚ್ಚಗಾಗುತ್ತಿದ್ದ ಹಾಗೆ ರಕ್ತನಾಳ ಹಿಗ್ಗಿ ಬಿಪಿ ಬೀಳುತ್ತದೆ. ಕಾಲು ಎತ್ತಿ ಹಿಡಿದಾಗ ಒಂದು ನಿಮಿಷದಲ್ಲಿ ಬಿಪಿ ಏರಿತು ಅಂದರೆ ಬಹುಶಃ ದ್ರವ ಸಾಲದಾಗಿದೆ. ಬಡಿತ ತಪ್ಪಿದೆಯಾ, ಹೃದಯ ಬಡಿಸಲು ಹಾಕಿರುವ ಪೇಸಿಂಗ್ ವೈರ್ ಕೆಲಸ ಮಾಡುತ್ತಿದೆಯಾ ಅಂತಲೂ ನೋಡಿ.

ನನಗೆ ಎಲ್ಲಕ್ಕಿಂತ ಭಯ ಸುಮ್ಮನಾದ ಡ್ರೈನ್. ಗಂಟೆಗೆ 90, 80, 70 ಮಿ.ಲೀ. ಬರುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ 5 ಆಯಿತು. ರಕ್ತ ನಿಂತಿತು ಅಂತ ಖುಷಿಪಡುವ ಮುಂಚೆ ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳದೊಳಗಿನ ಒತ್ತಡ) ನೋಡಿ. ಅದು 8ರಿಂದ 17ಕ್ಕೆ ಏರಿ, ಮ್ಯಾಪ್ ಇಳಿಯುತ್ತಾ, ಮೂತ್ರ ಕಮ್ಮಿಯಾಗುತ್ತಿದ್ದರೆ ರಕ್ತ ಒಳಗೇ ನಿಂತು ಹೃದಯವನ್ನು ಅಮುಕುತ್ತಿರಬಹುದು. ಟ್ಯೂಬ್ ಮಡಚಿದೆಯಾ ಅಂತ ನೋಡುತ್ತಲೇ ಸರ್ಜನ್‌ಗೆ ಫೋನ್ ಮಾಡಿ. ಇನ್ನರ್ಧ ಗಂಟೆ ನೋಡೋಣ ಅನ್ನಬೇಡಿ.

ಬಿಪಿ ಏರಿದರೂ ಅಷ್ಟೇ, ಬಿಪಿ ಇಳಿಸುವ ನೈಟ್ರೋಗ್ಲಿಸರಿನ್‌ಗಿಂತ ಮುಂಚೆ ಹೊದಿಕೆ ಸರಿಸಿ ನೋಡಿ. ಒಬ್ಬ ಅಜ್ಜಿಗೆ 170 ಇತ್ತು, ವೆಂಟಿಲೇಟರ್ ಟ್ಯೂಬ್ ಬಾಯಲ್ಲಿ, ಹೇಳಲು ಆಗದು. ತೊಡೆ ಕೆಳಗೆ ಮೂತ್ರದ ನಳಿಕೆ ಮಡಚಿಕೊಂಡಿತ್ತು. ಬಿಡಿಸಿದೆ, ಹತ್ತು ನಿಮಿಷದಲ್ಲಿ 130. ನೋವು, ನಡುಕ, ಎಚ್ಚರವಾಗುವಾಗಿನ ಹೆದರಿಕೆ, ಎಲ್ಲವೂ ಬಿಪಿ ಏರಿಸುತ್ತವೆ. ಔಷಧಿ ಬೇಕೇ ಆದರೆ ಬಿಪಿಯನ್ನು ಹಂತ ಹಂತವಾಗಿ ಇಳಿಸಬೇಕು.

ನಾರ್‌ಅಡ್ರಿನಲಿನ್ ಸಿರಿಂಜ್ ಖಾಲಿಯಾಗುವ ತನಕ ಕಾಯಬೇಡಿ. ಅದರ ಕೆಲಸ ನಿಮಿಷಗಳಲ್ಲೇ ಮುಗಿದುಹೋಗುತ್ತದೆ. ಹೊಸ ಸಿರಿಂಜನ್ನು ಇನ್ನೊಂದು ಪಂಪಿಗೆ ಹಾಕಿ ಓಡಿಸಿ, ಹಳೆಯದನ್ನು ನಿಧಾನಕ್ಕೆ ಇಳಿಸಿ. ಆ ಲೈನಿನಲ್ಲಿ ಬೇರೆ ಇಂಜೆಕ್ಷನ್ ತಳ್ಳಬೇಡಿ, ಒಳಗಿದ್ದ ಔಷಧಿಯೆಲ್ಲ ಒಟ್ಟಿಗೆ ನುಗ್ಗಿಬಿಡುತ್ತದೆ.

ಮಾರನೇ ದಿನ ಮೊದಲ ಸಲ ಎಬ್ಬಿಸುವಾಗ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿ, ಬಿಪಿ ನೋಡಿ. ತಲೆ ಸುತ್ತುತ್ತಿದೆಯಾ ಅಂತ ಕೇಳಿ. ಇಲ್ಲ ಅಂದರೂ ನಿಲ್ಲಿಸುವಾಗ ಕುರ್ಚಿ ಹಿಂದೆಯೇ ಇರಲಿ.