ಮಿದುಳಿನ ಪ್ರೋಟೀನಿನ ಸುದ್ದಿಯನ್ನು ಓದುವ ಕ್ರಮ

ಇಲ್ಲದ ದನಿ ಕೇಳಿಸುವ, ಸುಳ್ಳು ನಂಬಿಕೆ ಬೇರೂರುವ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇರುವವರ ಮಿದುಳಿನಲ್ಲಿ ಯಾವುದೋ ಪ್ರೋಟೀನು ಕಡಿಮೆಯಾಗಿದೆ ಎಂಬ ಸುದ್ದಿ ಓದಿದರೆ, ತುರುವೇಕೆರೆಯಲ್ಲಾಗಲಿ ಪಾವಗಡದಲ್ಲಾಗಲಿ ಅಂಥವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ ಮೊಟ್ಟೆ, ಹುರುಳಿ, ಅವರೆಕಾಳು ಹೆಚ್ಚಿಸಬೇಕೇನೋ ಎನಿಸುವುದು ಸಹಜ. ಊಟದ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳೆಂಬ ಚಿಕ್ಕ ತುಣುಕುಗಳಾಗುತ್ತದೆ. ಸುದ್ದಿಯಲ್ಲಿರುವುದು ನರಕೋಶವು ತನ್ನ ಜೀನುಗಳ ಸೂಚನೆಯಂತೆ ತಾನೇ ಕಟ್ಟಿಕೊಳ್ಳುವ ಪ್ರೋಟೀನು. ಹುರುಳಿಸಾರು ಮೈಗೆ ಒಳ್ಳೆಯದೇ, ಆದರೆ ಆ ಕೊರತೆಯನ್ನು ಅದು ತುಂಬಲಾರದು.

ಆದ್ದರಿಂದ ಮೊದಲು ಪ್ರೋಟೀನಿನ ಹೆಸರನ್ನೂ ಕೆಲಸವನ್ನೂ ಗುರುತಿಸಿಕೊಳ್ಳಿ. ಜಿಎಡಿ 67 ಎಂಬ ಪ್ರೋಟೀನು ಒಂದು ಕಿಣ್ವ; ಅದು ನರಕೋಶಗಳ ಅಬ್ಬರವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಸ್ಕಿಜೋಫ್ರೀನಿಯಾ ಇದ್ದವರ ಮಿದುಳಿನ ಮುಂಭಾಗದ ಹೊರಪದರದಲ್ಲಿ ಈ ಕಿಣ್ವ ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ನರಕೋಶಗಳು ಸರಿಯಾದ ಜಾಗದಲ್ಲಿ ಜೋಡಣೆಯಾಗಲು ನೆರವಾಗುವ ರೀಲಿನ್ ಎಂಬ ಪ್ರೋಟೀನು ಕೂಡ ಹಾಗೆಯೇ ಕಡಿಮೆ ಕಂಡಿದೆ. ರೋಗನಿರೋಧಕ ವ್ಯವಸ್ಥೆಗೆ ಸೇರಿದ ಸಿ4 ಪ್ರೋಟೀನಿನ ಜೀನಿನ ಕೆಲವು ರೂಪಗಳು ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದು 2016ರಲ್ಲಿ ಪ್ರಕಟವಾಯಿತು.

ಮುಂದೆ, ಪರೀಕ್ಷಿಸಿದ್ದು ಯಾರ ಮಿದುಳು ಎಂದು ನೋಡಿ. ನನ್ನ ಮಟ್ಟಿಗೆ ಇದೇ ಮುಖ್ಯವಾದ ಪ್ರಶ್ನೆ. ಇಂಥ ಅಳತೆಗಳಲ್ಲಿ ಹೆಚ್ಚಿನವು ಮರಣಾನಂತರ ದಾನವಾಗಿ ಬಂದ ಮಿದುಳಿನವು. ಆ ವ್ಯಕ್ತಿ ಹಲವು ವರ್ಷ ಮಾತ್ರೆ ನುಂಗಿರಬಹುದು, ಬೀಡಿ ಸೇದಿರಬಹುದು. ಸಾವಿಗೂ ಮಿದುಳನ್ನು ಶೈತ್ಯದಲ್ಲಿ ಇಡುವುದಕ್ಕೂ ನಡುವೆ ಕಳೆದ ಗಂಟೆಗಳಲ್ಲಿಯೂ ಪ್ರೋಟೀನುಗಳು ಕೆಡಬಲ್ಲವು. ಒಳ್ಳೆಯ ಅಧ್ಯಯನವು ವಯಸ್ಸು, ಲಿಂಗ, ಈ ಗಂಟೆಗಳ ಲೆಕ್ಕ ಎಲ್ಲವೂ ಹೊಂದುವ ಆರೋಗ್ಯವಂತರ ಮಿದುಳುಗಳೊಡನೆ ಹೋಲಿಸುತ್ತದೆ. ಬದಲಾವಣೆ ಕಾಯಿಲೆಯದೋ ಔಷಧಿಯದೋ ಎಂದು ತಿಳಿಯಲು ಅದೇ ಔಷಧಿಯನ್ನು ಕೋತಿಗಳಿಗೋ ಇಲಿಗಳಿಗೋ ಕೊಟ್ಟು ನೋಡುವುದೂ ಉಂಟು.

ಕಡಿಮೆಯೆಂಬುದು ಗುಂಪಿನ ಸರಾಸರಿ ಎಂಬುದನ್ನೂ ಮರೆಯಬೇಡಿ. ಕಾಯಿಲೆಯಿದ್ದ ಕೆಲವರ ಅಳತೆ ಆರೋಗ್ಯವಂತರ ಅಳತೆಯೊಳಗೇ ಬೀಳುತ್ತದೆ. ಹೀಗಾಗಿ ಪ್ರೋಟೀನು ಅಳೆದು ಸ್ಕಿಜೋಫ್ರೀನಿಯಾ ಇದೆಯೆಂದು ಖಚಿತಪಡಿಸುವ ರಕ್ತಪರೀಕ್ಷೆ ತುಮಕೂರಿನಲ್ಲಿಯೂ ಇಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಲ್ಲ. ವೈದ್ಯರು ರೋಗಿಯನ್ನು ಮಾತನಾಡಿಸಿ ಪರೀಕ್ಷಿಸಿ, ಲಕ್ಷಣಗಳನ್ನೂ ಅವು ಎಷ್ಟು ಕಾಲದಿಂದ ಇವೆ ಎಂಬುದನ್ನೂ ಮನೆಯವರಿಂದಲೂ ಕೇಳಿ ನಿರ್ಧರಿಸುತ್ತಾರೆ. ಅಂಥ ಪರೀಕ್ಷೆಗೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಸುದ್ದಿ ಓದಿ ಮಾತ್ರೆ ನಿಲ್ಲಿಸುವುದು ಅಪಾಯಕಾರಿ. ಅಂದ ಹಾಗೆ, ಈಗಿನ ಬಹುಪಾಲು ಮಾತ್ರೆಗಳು ಕೆಲಸ ಮಾಡುವುದೂ ಒಂದು ಪ್ರೋಟೀನಿನ ಮೇಲೆಯೇ, ಅದು ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಸಂದೇಶವನ್ನು ನರಕೋಶದಲ್ಲಿ ಹಿಡಿಯುವ ಡಿ2 ಗ್ರಾಹಕ. ಸಂದೇಹಗಳನ್ನು ಚೀಟಿಯಲ್ಲಿ ಬರೆದಿಟ್ಟು ಮುಂದಿನ ಭೇಟಿಯಲ್ಲಿ ಮನೋವೈದ್ಯರ ಮುಂದಿಡಿ. ಅಷ್ಟು ದಿನ ಕಾಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.